ಮೊನೆಯಿಲ್ಲದ ಗಾಳ

ನಮ್ಮ ನರಸಿಂಹರಾಯರ ಗಾಳಕ್ಕೆ ಮೊನೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ರಾಯರ ಜೊತೆ ಮೀನಿಗೆ ಗಾಳ ಹಾಕಲು ಹೋಗುತ್ತೇನೆ ಎಂದು ನಾನು ಹೇಳಿದಾಗಲೆಲ್ಲ, ಕೇಳಿದವರು ಮೊದಲು ನನ್ನ ಕೊರಳಿನ ಲಿಂಗದ ಕಡೆ ನೋಡುತ್ತಾರೆ, ಆಮೇಲೆ ರಾಯರ ಹಣೆಯ ಅಂಗಾರ-ಅಕ್ಷತೆ ನೆನೆಸಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ನಾವಿಬ್ಬರೂ ಮೀನು ತಿನ್ನುವವರಲ್ಲ, ಹಿಡಿದು ಮನೆಗೆ ತರುವವರೂ ಅಲ್ಲ. ಹಾಗಿದ್ದೂ ಮಳೆಗಾಲ ಬಂತೆಂದರೆ ಭಾನುವಾರ ಬೆಳಿಗ್ಗೆ ನನ್ನ ಹಳೆಯ ಮಾರುತಿ ಕಾರು ತೆಗೆದು, ಚೇವೆಳ್ಳ ದಾರಿಯ ಆಲದ ಮರಗಳ ಕೆಳಗೆ ಹಾಯ್ದು, ವಿಕಾರಾಬಾದಿನ ಗುಡ್ಡಗಳ ಸಂದಿಯಲ್ಲಿ ಹರಿಯುವ ಒಂದು ಸಣ್ಣ ಹಳ್ಳಕ್ಕೆ ಹೋಗಿ ನಿಲ್ಲುತ್ತಿದ್ದೆವು. ನನ್ನ ಹೆಂಡತಿ ಶೋಭಾ ಅದಕ್ಕೆ, ಇಬ್ಬರು ಮುದುಕರು ಮೀನಿನ ಜೊತೆ ಕಣ್ಣಾಮುಚ್ಚಾಲೆ ಆಡಲು ಪೆಟ್ರೋಲು ಸುಡುತ್ತಾರೆ ಎನ್ನುತ್ತಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾವಿಬ್ಬರೂ ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಬೈಲಹೊಂಗಲದ ಕಡೆಯಿಂದ ಬಂದವನು. ರಾಯರ ಮನೆತನ ಕಲಬುರ್ಗಿಯದು, ಆದರೆ ಅವರ ಅಜ್ಜನ ಕಾಲದಿಂದ ಹೈದರಾಬಾದಿನಲ್ಲೇ ಸರಕಾರಿ ನೌಕರಿ. ರಾಯರಿಗೆ ಹೊಸದಾಗಿ ಮದುವೆ ಗೊತ್ತಾಗಿದ್ದಾಗ ಕಾರ್ಖಾನೆಯವರು ಅವರನ್ನು ಕುಲು ಕಡೆಯ ಒಂದು ವಿಮಾನ ನಿಲ್ದಾಣಕ್ಕೆ ಯಂತ್ರ ಕೂಡಿಸಲು ಕಳಿಸಿದರು. ಅಲ್ಲಿ ಮೋಡ ಮುಚ್ಚಿದ ದಿನ ಕೆಲಸವಿಲ್ಲ. ಪಕ್ಕದ ಮನೆಯ ನಿವೃತ್ತ ಹವಾಲ್ದಾರನೊಬ್ಬ ಅವರನ್ನು ದೇವದಾರು ಮರಗಳ ನಡುವಿನ ತೊರೆಗೆ ಕರೆದುಕೊಂಡು ಹೋಗಿ, ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಗಾಳ ಬೀಸುವುದನ್ನು ಕಲಿಸಿದ. ಅದು ಎರೆಹುಳ ಚುಚ್ಚಿ ದಂಡೆಯ ಮೇಲೆ ಕೂರುವ ಗಾಳವಲ್ಲ. ಗಾಳದ ಮೇಲೆ ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡಿರುತ್ತಾರೆ. ಕೋಲಿನಿಂದ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ನಿಜವಾದ ನೊಣ ಬಂದು ಕೂತ ಹಾಗೆ ನೀರಿನ ಮೇಲೆ ಇಳಿಸಬೇಕು. ಕೆಳಗೆಲ್ಲೋ ಇದ್ದ ಮೀನು ಮೇಲೆದ್ದು ಬಂದು ಬಾಯಿ ಹಾಕುತ್ತದೆ.

ಆ ಬಾಯಿ ಹಾಕುವ ಗಳಿಗೆ ಇದೆಯಲ್ಲ, ಅದು ರಾಯರಿಗೆ ಹುಚ್ಚು ಹಿಡಿಸಿತು. ಮದುವೆಗೆ ಊರಿಗೆ ಬರುವಾಗ ಒಂದು ಕೋಲನ್ನೂ ಒಂದು ಡಬ್ಬಿಯನ್ನೂ ತಂದರು. ಹೊಸ ಮದುವಣಗಿತ್ತಿ ಗೋದಾವರಿಬಾಯಿ ಡಬ್ಬಿಯಲ್ಲಿ ಕಿವಿಯೋಲೆ ಇರಬಹುದೆಂದು ತೆರೆದು ಬೆರಳು ಚುಚ್ಚಿಕೊಂಡರು. ಗಂಡ ಬಂದು ಅದು ಏನು, ಯಾತಕ್ಕೆ ಎಂದು ವಿವರಿಸಿದ ಮೇಲೆ ಬೆರಳು ಹಿಡಿದುಕೊಂಡೇ ಕೇಳಿದರಂತೆ: "ನನ್ನ ಬೆರಳಿಗೇ ಇಷ್ಟು ಉರೀಲಿಕ್ಕೆ ಹತ್ತೇದ. ಅದರ ತುಟಿಗೆ ಎಷ್ಟು ಉರೀಬೇಕು?"

ರಾಯರು ವಾದ ಮಾಡಲಿಲ್ಲ. ಮರುದಿನ ಡಬ್ಬಿಯನ್ನು ಕಾರ್ಖಾನೆಗೆ ತಂದು, ಊಟದ ಬಿಡುವಿನಲ್ಲಿ ನನ್ನ ಬೆಂಚಿನ ಹತ್ತಿರ ಕೂತು ಪ್ರತಿ ಗಾಳದ ಮೊನೆಯನ್ನೂ ಕತ್ತರಿಸಿ, ಅರದಿಂದ ಉಜ್ಜಿ ಗುಂಡಗೆ ಮಾಡಿದರು. ನಮ್ಮಿಬ್ಬರ ಸ್ನೇಹ ಆರಂಭವಾದದ್ದೇ ಅಲ್ಲಿಂದ. ಏನು ಮಾಡುತ್ತಿದ್ದೀರಿ ಎಂದು ನಾನು ಕೇಳಿದೆ, ಹೇಳಿದರು, ನಾನು ನಕ್ಕೆ, ಅವರೂ ನಕ್ಕರು. ಮುಂದಿನ ಭಾನುವಾರ ನಾನೂ ಹೊರಟೆ.

ಮೊನೆ ಹೋದ ಮೇಲೆ ಏನು ಉಳಿಯಿತು ಎಂದು ನೀವು ಕೇಳಬಹುದು. ನಮ್ಮ ಹಳ್ಳದಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಇರುವುದು ಬೆರಳುದ್ದದ, ಬೆಳ್ಳಿ ಬಣ್ಣದ ಮೀನು. ಅವೂ ಮಳೆಗಾಲದಲ್ಲಿ ಹಳ್ಳ ಹರಿಯುವಷ್ಟು ದಿನ ಮಾತ್ರ. ಆದರೆ ಅವೂ ನೊಣಕ್ಕೆ ಏಳುತ್ತವೆ. ಬಾಯಿ ಹಾಕಿದ ಆ ಗಳಿಗೆಯಲ್ಲೇ ಕೋಲು ಎತ್ತಿದರೆ ಕೈಗೆ ಒಂದು ಸಣ್ಣ ಜಗ್ಗು ಬರುತ್ತದೆ. ಅಷ್ಟೇ, ನೊಣ ಜಾರಿ ಬರುತ್ತದೆ, ಮೀನು ತನ್ನ ದಾರಿ ಹಿಡಿಯುತ್ತದೆ. ಕಣ್ಣರೆಪ್ಪೆ ಹೊಡೆಯುವಷ್ಟು ಮೊದಲಾದರೂ ಇಲ್ಲ, ತಡವಾದರೂ ಇಲ್ಲ. ತಡವಾದರೆ ಮೀನು ಇದೇನು ಹತ್ತಿ ಎಂದು ಉಗುಳಿಬಿಟ್ಟಿರುತ್ತದೆ. ಜಗ್ಗು ಬಂದಾಗ ರಾಯರು ಮೆಲ್ಲಗೆ "ಮುಟ್ಟಿತು" ಎನ್ನುತ್ತಿದ್ದರು. ಅವರ ಮೀನುಗಾರಿಕೆ ಎಂದರೆ ಅದೊಂದು ಶಬ್ದ.

ಹತ್ತಿ ಎಂದೆನಲ್ಲ, ಅದನ್ನೂ ಹೇಳುತ್ತೇನೆ. ಡಬ್ಬಿಯ ನೊಣಗಳು ಹರಿದುಹೋದ ಮೇಲೆ ಹೊಸವನ್ನು ಕಟ್ಟಿಕೊಟ್ಟವರು ಗೋದಾವರಿ ವೈನಿಯೇ; ರಾಯರು ನನಗೆ ಅಣ್ಣನ ಹಾಗೆ, ಅದಕ್ಕೇ ಅವರ ಹೆಂಡತಿ ನನಗೆ ವೈನಿ, ಅತ್ತಿಗೆ. ದೇವರಿಗೆ ಏರಿಸುವ ಹತ್ತಿಯ ಹಾರ, ಗೆಜ್ಜೆವಸ್ತ್ರ, ಮಾಡುವುದರಲ್ಲಿ ಅವರದು ದೊಡ್ಡ ಕೈ. ಮಾತಾಡುತ್ತ ಮಾತಾಡುತ್ತ ಬೆರಳಿನಲ್ಲೇ ಹತ್ತಿಯನ್ನು ಗುಂಡುಗುಂಡಾಗಿ ಹೊಸೆದುಬಿಡುತ್ತಾರೆ. ಕೋಳಿಯ ಗರಿ ಮನೆಯೊಳಗೆ ಬರಕೂಡದು, ನವಿಲುಗರಿ ನಡೆಯುತ್ತದೆ, ಅದು ಕೃಷ್ಣನದು ಎಂದು ಅವರೇ ಕಾಯ್ದೆ ಮಾಡಿದರು. ಸುಲ್ತಾನ್ ಬಜಾರಿನಿಂದ ರೇಷ್ಮೆ ನೂಲು ತಂದರು. ಕಟ್ಟಿ ಮುಗಿಸಿದ ಮೇಲೆ ಕೈ ಸುಮ್ಮನಿರದೆ ಪ್ರತಿಯೊಂದಕ್ಕೂ ಒಂದು ಬೊಟ್ಟು ಕುಂಕುಮ ಹಚ್ಚಿಬಿಟ್ಟರು. ರಾಯರು ತಲೆಯ ಮೇಲೆ ಕೈ ಹೊತ್ತರು. ಬರಿ ಬಿಳಿ ಬತ್ತಿ ಮನೆಯಿಂದ ಹೊರಗೆ ಹೋಗಬಾರದು ಎಂದು ವೈನಿಯ ವಾದ. ಅವರು ಅದನ್ನು ನೊಣ ಎಂದು ಒಂದು ದಿನವೂ ಕರೆದವರಲ್ಲ, ಬತ್ತಿಯೇ. ವಿಚಿತ್ರವೆಂದರೆ ಮೀನುಗಳು ಆ ಕೆಂಪು ಬೊಟ್ಟಿಗೇ ಮುಗಿಬಿದ್ದವು. ಇಷ್ಟು ಮಾಡಿಕೊಟ್ಟರೂ ವೈನಿ ಹಳ್ಳಕ್ಕೆ ಎಂದೂ ಬಂದವರಲ್ಲ. ನಾವು ಕರೆದವರೂ ಅಲ್ಲ. ರಾಯರಿಗೆ ಭಾನುವಾರ ಒಂದು ದಿನವಾದರೂ ಕಿವಿಗೆ ವಿಶ್ರಾಂತಿ ಬೇಕಾಗಿತ್ತು. ನಮ್ಮ ವೈನಿ ಮಾತಾಡುವುದಕ್ಕೆ ಕೂತರೆ ಕುಕ್ಕರಿನ ಸೀಟಿಯೇ ಅವರನ್ನು ದಾಟಿ ಕೇಳಿಸಲು ಕಷ್ಟಪಡಬೇಕು.

ಹೋದ ವರ್ಷ ರಾಯರ ಕಣ್ಣು ಕೈಕೊಟ್ಟಿತು. ಕಣ್ಣಿನ ಒಳಪರದೆಯ ನಟ್ಟನಡುವೆ ಸವೆದಿದೆ, ಸುತ್ತಲಿನದು ಕಾಣುತ್ತದೆ, ದಿಟ್ಟಿಸಿದ್ದು ಮಾತ್ರ ಕಾಣುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರರು ಹೇಳಿ ಕಳಿಸಿದರು. ನಡೆಯುವುದಕ್ಕೆ, ಊಟ ಮಾಡುವುದಕ್ಕೆ ತೊಂದರೆಯಿಲ್ಲ. ವೈನಿ ಉಟ್ಟ ಸೀರೆಯ ಬಣ್ಣ ಗೊತ್ತಾಗುತ್ತದೆ, ಮುಖ ನೋಡಿದರೆ ಮುಖ ಇರುವುದಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಬಹಳ ತಡವಾಗಿ, ಯಾರದೋ ಸುದ್ದಿ ಹೇಳಿದ ಹಾಗೆ.

ಮಳೆ ಬಂತು, ಹಳ್ಳ ಹರಿಯಿತು, ಹೋದೆವು. ಬೀಸುವುದರಲ್ಲಿ ಏನೂ ಕೊರತೆಯಿಲ್ಲ, ತೋಳು ಮರೆತಿರಲಿಲ್ಲ. ದಾರ ಸುರುಳಿ ಬಿಚ್ಚಿಕೊಂಡು ಹೋಗಿ ನೊಣ ನೀರಿನ ಮೇಲೆ ಮೆತ್ತಗೆ ಕೂತಿತು. ಆದರೆ ಕೂತದ್ದು ಅವರಿಗೆ ಕಾಣಲಿಲ್ಲ. ಮೀನು ಎದ್ದದ್ದೂ ಕಾಣಲಿಲ್ಲ. ಬೆರಳುದ್ದದ ಮೀನು ಬಾಯಿ ಹಾಕಿ ಉಗುಳಿದರೆ ಕೈಗೆ ತಾನಾಗಿ ತಿಳಿಯುವುದಿಲ್ಲ. ನಾನು ನೋಡಿ ಹೇಳುತ್ತೇನೆ ಎಂದು ಪಕ್ಕದಲ್ಲಿ ನಿಂತೆ. ಮೀನು ಏಳುವುದು, ನಾನು "ಬಂತು ರಾಯರ" ಅನ್ನುವುದು, ಅವರು ಎತ್ತುವುದು. ಪ್ರತಿ ಸಲವೂ ಖಾಲಿ.

"ಸೋಮಣ್ಣ, ನಿನ್ನ 'ಬಂತು' ಬಾಲಾನಗರದಿಂದ ಬಸ್ ಹತ್ತಿ ಇಲ್ಲಿಗೆ ಮುಟ್ಟೋದ್ರಾಗ ಮೀನು ತನ್ನ ಮನಿಗೆ ಹೋಗಿ ಉಂಡು ಮಲಗಿರ್ತದ," ಎಂದರು ರಾಯರು.

ನಗೆಚಾಟಿಕೆಯಾಗಿಯೇ ಹೇಳಿದರು. ಆದರೆ ಹಿಂದಿರುಗುವ ದಾರಿಯಲ್ಲಿ, ಮುಂದಿನ ಭಾನುವಾರ ಒಂದು ಸಲ ಹೋಗಿಬರೋಣ, ಆಗಲೂ ಆಗದಿದ್ದರೆ ಕೋಲನ್ನು ಯಾರಿಗಾದರೂ ಕೊಟ್ಟುಬಿಡುವುದು, ಸುಮ್ಮನೆ ನೀರಿಗೆ ಚಾಟಿ ಬೀಸಿ ಏನು ಉಪಯೋಗ ಎಂದರು. ನಾನು ಗೇರು ಬದಲಿಸಿದೆ.

ಅವರನ್ನು ಮನೆಗೆ ಮುಟ್ಟಿಸಿದಾಗ ವೈನಿ ಚಹಾ ತಂದರು. ರಾಯರು ಕೈಕಾಲು ತೊಳೆಯಲು ಹೋದದ್ದೇ ತಡ, ನಾನು ಎಲ್ಲ ಹೇಳಿಬಿಟ್ಟೆ. ವೈನಿ ಅಂದು ಮೊದಲ ಬಾರಿಗೆ ನನ್ನ ಮಾತಿನ ನಡುವೆ ಬಾಯಿ ಹಾಕಲಿಲ್ಲ. ರಾಯರು ಬಂದು ಕೂತ ಮೇಲೆ, ಚಹಾದ ಕಪ್ಪು-ಬಸಿಯನ್ನು ಅವರ ಕೈಗೆ ಹಿಡಿಸುತ್ತ ಅಂದರು:

"ಮೊನಿ ಇರ್ಲಿ ಬಿಡ್ರಿ."

"ಯಾತರ ಮೊನಿ?"

"ಗಾಳದ್ದು. ಮೊನಿ ಇದ್ರ ಮೀನು ಸಿಕ್ಕೊಂಡು ಜಗ್ಗತದ, ನಿಮ್ಮ ಕೈಗೆ ತಾನ ತಿಳೀತದ. ಆವಾಗ ನಾ ಸಣ್ಣಾಕಿ ಇದ್ದೆ, ಏನೋ ಅಂದೆ. ಈಗ ನಾನ ಹೇಳ್ತೀನಿ, ಇರ್ಲಿ."

ರಾಯರು ಚಹಾ ಪೂರ್ತಿ ಕುಡಿದರು. ಬಸಿ ಕೆಳಗಿಟ್ಟು, "ನೀ ಬಿಟ್ಟುಕೊಟ್ರೂ ನಾ ಬಿಡೂದಿಲ್ಲ, ಗೋದಾ," ಎಂದರು. "ಇಷ್ಟು ವರ್ಷ ಒಂದಕ್ಕೂ ಉರಿ ಹಚ್ಚಿಲ್ಲ. ಕಣ್ಣು ಹೋತು ಅಂತ ಈಗ ಹಚ್ಚಲೇನು?"

ಸರಿ, ಹಾಗಾದರೆ ನಾನೇ ಬರುತ್ತೇನೆ ಎಂದರು ವೈನಿ. ಹತ್ತಿಯ ಬತ್ತಿಗೆ ಕುಂಕುಮ ಹಚ್ಚುವ ಕಣ್ಣು ನನ್ನದು, ಸೋಮಣ್ಣನವರ ಕಣ್ಣೇನು ನೋಡೀತು ಎಂದರು. ರಾಯರ ಮುಖದಲ್ಲಿ ಒಂದು ಗಾಬರಿ ಹಾದುಹೋದದ್ದನ್ನು ನಾನು ನೋಡಿದೆ. ಅದು ಕಣ್ಣಿನ ಚಿಂತೆಯಲ್ಲ, ಕಿವಿಯ ಚಿಂತೆ.

ಭಾನುವಾರ ಕಾರಿನ ಹಿಂದಿನ ಸೀಟಿನಲ್ಲಿ ವೈನಿ, ಅವಲಕ್ಕಿಯ ಡಬ್ಬಿ, ನೀರಿನ ತಂಬಿಗೆ, ಚಾಪೆ, ಒಂದು ಚೀಲ ಹತ್ತಿ. ದಾರಿಯುದ್ದಕ್ಕೂ ಒಂದೊಂದು ಆಲದ ಮರಕ್ಕೂ ಒಂದೊಂದು ಸುದ್ದಿ. ರಾಯರು ಎರಡು ಸಲ "ಸಾಕು" ಎಂದರು. ಮೂರನೆಯ ಸಲ ಅನ್ನುವ ಗೋಜಿಗೆ ಹೋಗಲಿಲ್ಲ.

ಹಳ್ಳದ ದಂಡೆಯ ಬಂಡೆಯ ಮೇಲೆ ಚಾಪೆ ಹಾಕಿಕೊಟ್ಟೆವು. ಮಳೆ ನಿಂತು ಎರಡು ದಿನವಾಗಿ ನೀರು ತಿಳಿಯಾಗಿತ್ತು, ಕಲ್ಲಿನಿಂದ ಕಲ್ಲಿಗೆ ಇಳಿಯುತ್ತ, ಕೆಳಗೆ ಸಣ್ಣ ಮಡುವಿನಲ್ಲಿ ನಿಂತು ಮುಂದಕ್ಕೆ ಹೋಗುತ್ತಿತ್ತು. ಆಡು ಮೇಯಿಸುವ ಸಾಬಮ್ಮ ನಮ್ಮ ಹಳೆಯ ಪರಿಚಯ. ಈ ಗಾಳದ ಕಥೆ ಅವಳಿಗೆ ಗೊತ್ತು. ಅವಳು ಪ್ರತಿ ಸಲದ ಹಾಗೆ ಆಚೆ ದಂಡೆಯಿಂದ, "ಏಂ ಪಟ್ಟಿನವ್ ಸಾರೂ?" ಎಂದು ತೆಲುಗಿನಲ್ಲಿ ಕೇಳಿದಳು, ಏನು ಹಿಡಿದಿರಿ ಎಂದು. ರಾಯರೂ ಪ್ರತಿ ಸಲದ ಹಾಗೆ ಖಾಲಿ ಕೈ ಎತ್ತಿ ತೋರಿಸಿದರು. ಈ ಸಲ ವೈನಿಯನ್ನು ನೋಡಿ ಅವಳು, ಅಮ್ಮನವರು ಜೊತೆಗೆ ಬಂದ ಮೇಲೆ ಇನ್ನು ಮೀನು ತಪ್ಪಿಸಿಕೊಳ್ಳುವುದಿಲ್ಲ ಬಿಡಿ ಎಂದು ನಗುತ್ತ ಆಡುಗಳ ಹಿಂದೆ ಹೋದಳು.

ರಾಯರು ಬೀಸಿದರು. ವೈನಿ ಮುಂದಕ್ಕೆ ಬಗ್ಗಿ ಕೂತು ನೋಡಿದರು.

"ಮುಟ್ಟಿತ್ರೀ."

ರಾಯರು ಎತ್ತಿದರು. ಏನಿಲ್ಲ. ಮತ್ತೆ ಬೀಸಿದರು. ಮತ್ತೆ ಮುಟ್ಟಿತು. ಮತ್ತೆ ಏನಿಲ್ಲ. ನಾನೂ ನೋಡುತ್ತಲೇ ಇದ್ದೆ. ಒಂದೆರಡು ಸಲ ನಿಜವಾಗಿ ಮೀನು ಎದ್ದಿತ್ತು, ವೈನಿಯ ಮಾತೂ ನನ್ನ ಮಾತಿನಂತೆ ಬಸ್ ಹತ್ತಿಯೇ ಬಂದಿತ್ತು. ಉಳಿದ ಸಲ ನೀರಿನಲ್ಲಿ ಗುಳ್ಳೆ ಕೂಡ ಎದ್ದಿರಲಿಲ್ಲ. ರಾಯರ ಮುಖ ಸಣ್ಣದಾದಂತೆಲ್ಲ ವೈನಿಗೆ ಮೀನುಗಳು ಹೆಚ್ಚುಹೆಚ್ಚಾಗಿ ಕಾಣತೊಡಗಿದವು. ಈ ಸಲ ಇಷ್ಟು ದೊಡ್ಡದು ಎಂದರು, ಇನ್ನೊಂದು ಸಲ ಜೋಡಿ ಬಂದವು ಎಂದರು. ನಾನು ನೆಲ ನೋಡಿದೆ.

ಆಮೇಲೆ ರಾಯರು ಒಂದು ಸಲ ಕೋಲನ್ನು ಬೀಸಿದರು, ತೋಳು ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು, ಕೋಲು ಸುಂಯ್ ಎಂದಿತು, ಅಲ್ಲೇ ನಿಂತರು.

"ಮುಟ್ಟಿತ್ರೀ, ಎತ್ತರಿ," ಎಂದರು ವೈನಿ.

ರಾಯರು ಎಡಗೈಯ ಮುಷ್ಟಿಯನ್ನು ಅವರ ಕಡೆ ಚಾಚಿ ಬಿಚ್ಚಿದರು. ಕುಂಕುಮದ ಬೊಟ್ಟಿನ ಬತ್ತಿ ಅಂಗೈಯಲ್ಲೇ ಇತ್ತು.

ನೀರು ಹರಿಯುವ ಶಬ್ದ ಅಷ್ಟು ಹೊತ್ತು ಎಲ್ಲಿತ್ತೋ, ಈಗ ಕೇಳಿಸಿತು.

"ಕಣ್ಣು ಹೋತು, ಹೋಗ್ಲಿ," ಎಂದರು ರಾಯರು. ಸಿಟ್ಟಿರಲಿಲ್ಲ. "ನೀ ಹೇಳಿದ್ದನ್ನ ನಾ ನಂಬೂದೂ ಹೋಗಬಾರದು, ಗೋದಾ. ಅದೊಂದು ಇರ್ಲಿ."

ವೈನಿಯ ಕಣ್ಣು ತುಂಬಿ ಬಂತು. ಅದು ರಾಯರಿಗೆ ಕಾಣಲಿಲ್ಲ. ಕಾಣದ್ದು ಆ ಹೊತ್ತಿಗೆ ಒಳ್ಳೆಯದೇ ಆಯಿತು ಎಂದು ನನಗೆ ಅನ್ನಿಸಿತು. ರಾಯರು ನನ್ನ ಕಡೆ ತಿರುಗಿ, ನಿಮ್ಮ ಶೋಭಾಬಾಯಿಯ ತಮ್ಮನಿಗೆ ಗಾಳದ ಆಸೆ ಇದೆ ಎಂದಿದ್ದೆಯಲ್ಲ, ಅವನಿಗೇ ಕೊಡೋಣ, ಅವಲಕ್ಕಿ ತಿಂದು ಹೊರಡೋಣ ಎಂದರು.

ಅವಲಕ್ಕಿ ತಿಂದೆವು. ಯಾರಿಗೂ ರುಚಿ ಹತ್ತಲಿಲ್ಲ. ಸುಮ್ಮನೆ ಕೂರುವುದು ನಮ್ಮ ವೈನಿಯ ಹುಟ್ಟುಗುಣವಲ್ಲ. ಸ್ವಲ್ಪ ಹೊತ್ತು ಚೀಲದಿಂದ ಹತ್ತಿ ತೆಗೆದು ಹೊಸೆದರು, ಮೂಗು ಸೆಳೆದರು, ಮತ್ತೆ ಹೊಸೆದರು. ಆಮೇಲೆ ಬೆರಳು ಓಡಿದ ಹಾಗೆ ಮಾತೂ ಓಡತೊಡಗಿತು, ಯಾರಿಗೆಂದಲ್ಲ, ಗಾಳಿಗೆ. ಮೇಲಿನ ಮನೆಯ ಗುಣವತಿಯ ಸುದ್ದಿ. ದೀಪಾವಳಿಗೆಂದು ಇವರ ಚಕ್ಕಲಿಯ ಒತ್ತು ಒಯ್ದಿದ್ದಳಂತೆ. ಸಂಕ್ರಾಂತಿ ಕಳೆದರೂ ಪತ್ತೆಯಿಲ್ಲವಂತೆ. ಇವರೇ ಮೆಟ್ಟಿಲು ಹತ್ತಿ ಹೋಗಿ ಕೇಳಿದರೆ ಒತ್ತು ಕೊಟ್ಟಳಂತೆ, ಒಳಗಿನ ಬಿಲ್ಲೆ ಮಾತ್ರ ಬೇರೆ ಯಾರದೋ.

ರಾಯರು ಎದ್ದು ನೀರಿನ ಅಂಚಿಗೆ ಹೋದರು. ಮಡಚಿಡುವ ಮೊದಲು ದಾರದ ಸುಕ್ಕು ಬಿಡಿಸಬೇಕು, ಅದು ಅವರ ಪದ್ಧತಿ. ಒಂದೆರಡು ಸಲ ಬೀಸಿದರು. ಮೀನಿಗಾಗಿ ಅಲ್ಲ, ದಾರಕ್ಕಾಗಿ. ನೊಣ ಮಡುವಿನ ತಲೆಯಲ್ಲಿ ಕೂತು ಮೆಲ್ಲಗೆ ತೇಲಿತು.

"ನಾ ಕೇಳ್ದೆ, ಗುಣವತಿ, ನಮ್ಮ ಬಿಲ್ಲಿಗೆ ನಕ್ಷತ್ರದ ತೂತು ಇತ್ತವಾ, ಇದಕ್ಕ ಗುಂಡನ ತೂತು ಅದ, ಹ್ಯಾಂಗ ಆತಿದು ಅಂತ. ಅದಕ್ಕ ಆಕಿ, ವೈನಿ, ಭಾಳ ಸಲ ಒತ್ತಿದ್ರ ನಕ್ಷತ್ರ ಸವದು ಗುಂಡಗ—"

ಮಾತು ಅಲ್ಲಿಗೇ ನಿಂತಿತು.

ರಾಯರು ಕೋಲು ಎತ್ತಿದರು.

ಕೋಲಿನ ತುದಿ ಒಮ್ಮೆ ಬಾಗಿತು, ಹೂವಿನ ದೇಟು ಬಾಗಿದಷ್ಟೇ, ಮತ್ತೆ ನೆಟ್ಟಗಾಯಿತು. ನೀರಿನಲ್ಲಿ ಒಂದು ಬೆಳ್ಳಿಯ ಹೊರಳು. ರಾಯರು ಹಾಗೇ ನಿಂತಿದ್ದರು, ಕೈ ಮೇಲೆ.

"ಮುಟ್ಟಿತು," ಎಂದರು.

ವೈನಿ ಕೈಯಲ್ಲಿನ ಹತ್ತಿಯನ್ನು ಎದೆಗೆ ಒತ್ತಿಕೊಂಡಿದ್ದರು. ಆ ಮೀನು ಕೆಳಗಿನ ಕಲ್ಲಿನ ನೆರಳಿನಿಂದ ಎದ್ದದ್ದು, ತಮ್ಮ ಬತ್ತಿಯ ಕೆಳಗೆ ಬಂದು ಒಂದು ಗಳಿಗೆ ವಿಚಾರ ಮಾಡಿದ್ದು, ಆಮೇಲೆ ಬಾಯಿ ತೆರೆದದ್ದು, ಎಲ್ಲವನ್ನೂ ನೋಡಿದೆ ಎಂದು ಆಮೇಲೆ ಹೇಳಿದರು. ಇಷ್ಟು ಸಣ್ಣ ಜೀವ ಹೀಗೆ ವಿಚಾರ ಮಾಡುತ್ತದೆಂದು ಗೊತ್ತಿರಲಿಲ್ಲವಂತೆ. ಆಗ ಮಾತ್ರ ರಾಯರ ಕಡೆ ತಿರುಗಿದರು.

"ನಾ ಏನೂ ಹೇಳಲೇ ಇಲ್ಲಲ್ರೀ," ಎಂದರು. "ನೋಡ್ಕೋತ ಮರತ ಬಿಟ್ಟೆ. ನಿಮಗ ಹ್ಯಾಂಗ ತಿಳೀತು?"

"ನೀ ಸುಮ್ಮನಾದಿ," ಎಂದರು ರಾಯರು. "ನೀ ಸುಮ್ಮನಾಗೂದು ಅಂದ್ರ ಏನರ ಬಂದಿರಬೇಕು ಅಂತ ಕೈ ತಾನ ಎದ್ದಿತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೀನು ಬಾಯಿ ಹಾಕಿದ್ದನ್ನು ಕಂಡು, ಅದಕ್ಕೆ ಶಬ್ದ ಹುಡುಕಿ, ನಾಲಿಗೆಗೆ ತಂದು ಹೇಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನನ್ನದೂ ಅದೇ ಗತಿ, ವೈನಿಯದೂ ಅದೇ ಆಗಿತ್ತು. ಉಸಿರು ಹಾಗಲ್ಲ. ಮೀನು ಇನ್ನೂ ನೆರಳು ಬಿಟ್ಟು ಏಳುತ್ತಿರುವಾಗಲೇ ಅದು ನಿಂತುಬಿಡುತ್ತದೆ, ಅದರ ಜೊತೆ ಮಾತೂ.

ಒಂದು ಸಲ ಆದದ್ದು ಅಕಸ್ಮಾತ್ ಇರಬಹುದು ಎಂದು ನಾನೂ ಅಂದುಕೊಂಡೆ, ರಾಯರೂ ಅಂದುಕೊಂಡಿರಬೇಕು. ನೊಣವನ್ನು ಬಾಯಿಂದ ಊದಿ ಒಣಗಿಸಿ, ಬೆರಳಿನಿಂದ ತಡವಿ ಗಂಟು ನೋಡಿ, ಮತ್ತೆ ಬೀಸಿದರು. ವೈನಿ ಈಗ ಬಾಯಿ ಮುಚ್ಚಿಕೊಂಡು, ಪೂಜೆಗೆ ಕೂತವರ ಹಾಗೆ ನೀರನ್ನೇ ನೋಡುತ್ತಿದ್ದರು. ಮೀನು ಎದ್ದಿತು, ಬಾಯಿ ಹಾಕಿತು, ಉಗುಳಿ ಹೋಯಿತು. ರಾಯರ ಕೈ ಏಳಲಿಲ್ಲ. ಇಡೀ ಹಳ್ಳವೇ ಸುಮ್ಮನಿದ್ದಾಗ ಯಾವ ಮೌನ ಯಾವುದೆಂದು ಅವರಿಗೆ ಹೇಗೆ ತಿಳಿಯಬೇಕು?

"ವೈನಿ, ಮಾತಾಡ್ರಿ," ಎಂದೆ ನಾನು.

"ಏನ್ ಮಾತಾಡಲಿ? ಬಾಯಿ ಮುಚ್ಚು ಅನ್ನೂದನ್ನ ಕೇಳಿ ಕೇಳಿ ಈಗ ಮಾತಾಡು ಅಂದ್ರ ಬರ್ತದೇನು?"

ರಾಯರು ಅವರ ಸೀರೆಯ ಬಣ್ಣದ ಕಡೆ ತಿರುಗಿದರು. ಮದುವೆಯಾದಂದಿನಿಂದ ಅವರ ಬಾಯಲ್ಲಿ ನಾನು ಕೇಳದ ಒಂದು ಮಾತನ್ನು, ಬಹಳ ಮರ್ಯಾದೆಯಿಂದ, ಸ್ವಲ್ಪ ನಾಚಿಕೊಂಡೇ ಅಂದರು:

"ಆ ಗುಣವತಿ... ಆ ಬಿಲ್ಲಿದ್ದು ಮುಂದ ಏನಾತು? ಹೇಳು."

ವೈನಿ ಮೂಗು ಒರೆಸಿಕೊಂಡರು. ಚಾಪೆಯ ಮೇಲೆ ಸರಿದು ಕೂತರು, ಸೆರಗು ಸರಿಮಾಡಿದರು, ಹತ್ತಿ ಕೈಗೆ ತೆಗೆದುಕೊಂಡರು. ನಡುವಿನಿಂದ ಹೇಳಿದರೆ ನಿಮಗೆ ತಿಳಿಯುವುದಿಲ್ಲ ಎಂದು, ಚಕ್ಕಲಿಯ ಒತ್ತನ್ನು ಗುಣವತಿ ಕೇಳಲು ಬಂದ ದಿನದಿಂದಲೇ ಶುರುಮಾಡಿದರು. ರಾಯರು ಕೋಲು ಹಿಡಿದು, ಒಂದು ಮಾತೂ ಬಿಡದೆ ಕೇಳುತ್ತ ನಿಂತರು.